ಸುಮ್ಮನೆ ಹಾಳಾಗುವ ಬಿಸಿಲು

ಪುತ್ತೂರಿನ ಒಂದು ಚರ್ಮದ ಕ್ಲಿನಿಕ್ಕಿನಲ್ಲಿ ಹೆಸರು ಕರೆದು ರೋಗಿಗಳನ್ನು ಒಳಗೆ ಬಿಡುವ ಕೆಲಸ ನನ್ನದು. ಹೆಂಗಸರು ಬಂದರೆ ಡಾಕ್ಟರರು ನನ್ನನ್ನೂ ಒಳಗೆ ಕರೆಯುತ್ತಾರೆ. ಬಂದವರಲ್ಲಿ ಹೆಚ್ಚಿನವರಿಗೆ ಅವರು ಹೇಳುವುದು ಒಂದೇ ಮಾತು: "ಬಿಸಿಲಿಗೆ ಹೋಗಬೇಡಿ." ಅಡಿಕೆ, ಕಾಳುಮೆಣಸು, ಬಟ್ಟೆ, ಹಾಸಿಗೆ, ಕೊನೆಗೆ ಮಿಂದು ಬಂದ ಮಕ್ಕಳ ತಲೆಯನ್ನೂ ಬಿಸಿಲಿಗೇ ಒಡ್ಡುವ ಊರಿನಲ್ಲಿ ಈ ಮಾತು ಹೇಳಿದರೆ ಎಡವಟ್ಟು ಆಗದೆ ಇರುತ್ತದೆಯೇ? ಆಗುತ್ತಲೇ ಇರುತ್ತದೆ. ಮೊದಲೆಲ್ಲ ಮನೆಗೆ ಹೋಗಿ ಅತ್ತೆಗೆ ಹೇಳಿ ಹೊಟ್ಟೆ ಹಿಡಿದು ನಗುತ್ತಿದ್ದೆ. ಈಗ ಅದೇ ಮಾತು ಅತ್ತೆಯ ಚೀಟಿಗೂ ಬಂದಿದೆ. ಹಾಗಾಗಿ ನಗು ಅರ್ಧದಲ್ಲೇ ನಿಂತುಬಿಡುತ್ತದೆ.

ಗಲ್ಫಿನ ಟ್ಯೂಬು

ಕಡಬದ ಕಡೆಯ ಒಬ್ಬರು ಬ್ಯಾರಿ ಮುಸ್ಲಿಂ ಅಮ್ಮ. ಎರಡೂ ಕೆನ್ನೆಯ ಮೇಲೆ ಕಂದು ಬಣ್ಣದ ಬಂಗು. "ಬಿಸಿಲಿಗೆ ಹೋಗುವಾಗ ಎಂತಾದ್ರೂ ಹಚ್ತೀರಾ?" ಎಂದು ಡಾಕ್ಟರರು ಕೇಳಿದರು. ಅಮ್ಮ ಬ್ಯಾಗಿನಿಂದ ಚಪ್ಪಟೆಯಾದ ಒಂದು ಟ್ಯೂಬು ತೆಗೆದರು. ವಿಡಿಯೊ ಕಾಲಿನಲ್ಲಿ ಅವರ ಮುಖ ನೋಡಿ ಬೇಜಾರಾಗಿ ಗಲ್ಫಿನಲ್ಲಿರುವ ಮಗ ಕಳಿಸಿದ್ದಂತೆ. ಒಳ್ಳೆಯ ದುಬಾರಿ ಸನ್‌ಸ್ಕ್ರೀನ್.

"ದಿನಕ್ಕೆ ಎರಡು ಹೊತ್ತು ಉಜ್ಜುದು ಡಾಕ್ಟ್ರೆ. ಒಂದು ದಿನ ಬಿಟ್ಟದ್ದಿಲ್ಲ."

"ಮತ್ತೆ ಮುಖ ಯಾಕೆ ಹೀಗುಂಟು?"

"ಮುಖಕ್ಕೆ ಯಾಕೆ ಹಚ್ಚುದು? ನೋವು ಇರುದು ಕಾಲಿನ ಗಂಟಿಗಲ್ವಾ?"

ಅವರದೇನೂ ತಪ್ಪಲ್ಲ. ಗಲ್ಫಿನಿಂದ ಟ್ಯೂಬು ಬಂದರೆ ಅದು ನೋವಿನ ಮುಲಾಮು, ಇಷ್ಟು ವರ್ಷ ನಮ್ಮ ಕಡೆ ಬಂದದ್ದೆಲ್ಲ ಅದೇ. ವಿಷಯ ತಿಳಿಸಿದಾಗ ಅವರ ಮುಖ ಸಣ್ಣಗಾಯಿತು. ಟ್ಯೂಬನ್ನು ಹಿಂದಿನಿಂದ ಒತ್ತಿ ನೋಡಿದರು. ಒಂದು ಹನಿಯೂ ಉಳಿದಿರಲಿಲ್ಲ. ಮಗನ ಪ್ರೀತಿಯೆಲ್ಲ ಸೀರೆಯೊಳಗೆ, ಬಿಸಿಲೇ ಕಾಣದ ಗಂಟಿಗೆ ಹೋಯಿತಲ್ಲ ಎಂದು ನನಗೂ ಅಯ್ಯೋ ಅನಿಸಿತು. ಅಮ್ಮ ಮಾತ್ರ ಬಾಗಿಲ ಹತ್ತಿರ ಹೋಗಿ ತಿರುಗಿ ನಿಂತರು.

"ಆದ್ರೂ ನೋವು ಸ್ವಲ್ಪ ಕಮ್ಮಿ ಉಂಟು ಮಾರಾಯ್ರೆ. ಇನ್ನೊಂದು ಕಳಿಸ್ಲಿಕ್ಕೆ ಹೇಳ್ತೇನೆ. ಈ ಸಲ ಮುಖಕ್ಕೂ ಸ್ವಲ್ಪ ಹಾಕುವ."

ಮೇಲಿಂದ ಎಣ್ಣೆ

ಸ್ಕೂಟರಿನಲ್ಲಿ ಶಾಲೆಗೆ ಹೋಗುವ ಅರಂತೋಡಿನ ಟೀಚರೊಬ್ಬರು ಸನ್‌ಸ್ಕ್ರೀನನ್ನು ಮುಖಕ್ಕೇ ಹಚ್ಚುತ್ತಿದ್ದರು. ಆದರೂ ಮುಖ ಕಪ್ಪಾಗುತ್ತಲೇ ಹೋಯಿತು. ವಿಚಾರಿಸಿದರೆ, ಕ್ರೀಮು ಹಚ್ಚಿದರೆ ಮುಖ ಒಣಗುತ್ತದೆಂದು ಅವರ ತಾಯಿ ದಿನವೂ ಮೇಲಿಂದ ತೆಂಗಿನೆಣ್ಣೆ ಸವರಿ ಕಳಿಸುತ್ತಿದ್ದರು. ಡಾಕ್ಟರರು ತಲೆಗೆ ಕೈಯಿಟ್ಟುಕೊಂಡು, "ಇನ್ನು ಸ್ವಲ್ಪ ಸಾಸಿವೆ ಹಾಕಿದ್ರೆ ಒಗ್ಗರಣೆ ಆಗ್ತಿತ್ತು" ಎಂದರು.

ಆ ಕೈ ಯಾರದ್ದು?

ಗುಂಡ್ಯದ ಕಡೆ ಜೀಪು ಓಡಿಸುವ ಒಬ್ಬ ಹುಡುಗ ಬಂದ. ಅವನ ಚೀಟಿ ಕೊಡಲು ಒಳಗೆ ಹೋದ ನಾನು ಅಲ್ಲೇ ನಿಂತೆ. ಕಿಟಕಿಯ ಮೇಲೆ ಇಟ್ಟುಕೊಳ್ಳುವ ಬಲಗೈ ಸುಟ್ಟು ಕಪ್ಪಾಗಿತ್ತು. ಜೀಪಿನ ಒಳಗೇ ಇರುವ ಎಡಗೈ ಬೇರೆ ಮನೆತನದ್ದು ಅನ್ನುವಷ್ಟು ಬೆಳ್ಳಗೆ. ಡಾಕ್ಟರರು ತುಂಬುತೋಳಿನ ಅಂಗಿ ಹಾಕಲು ಹೇಳಿ, "ಬಲಗೈ ಸರಿಯಾಗ್ಲಿಕ್ಕೆ ಸಮಯ ಬೇಕು" ಎಂದರು.

"ಬಲಗೈ ಇರಲಿ ಡಾಕ್ಟ್ರೆ. ಎಡಗೈಯನ್ನು ಬೇಗ ಕಪ್ಪು ಮಾಡ್ಲಿಕ್ಕೆ ಎಂತಾದ್ರೂ ಉಂಟಾ?"

ಅವನಿಗೆ ಮದುವೆ ನಿಶ್ಚಯವಾಗಿತ್ತು. ನಿಶ್ಚಿತಾರ್ಥದ ದಿನ ಹುಡುಗಿ ಆಸೆಪಟ್ಟಳೆಂದು ಅವಳ ಹೆಗಲಿಗೆ ಎಡಗೈ ಹಾಕಿ ಒಂದು ಫೋಟೊ ತೆಗೆಸಿಕೊಂಡಿದ್ದನಂತೆ. ಅವಳಿಗೆ ಬಹಳ ಇಷ್ಟವಾದ ಆ ಫೋಟೊವನ್ನು ಈಗ ಆಲ್ಬಮ್ಮಿನಿಂದ ತೆಗೆದೇ ಬಿಟ್ಟಿದ್ದಾರೆ ಎಂದ.

"ಯಾಕೆ?" ಎಂದೆ.

"ಅವಳ ಅಜ್ಜಿ ಫೋಟೊ ನೋಡಿ ಎಲ್ಲರ ಎದುರು ಕೇಳಿದ್ರು, 'ಅಳಿಯ ಸರಿ, ಹಿಂದೆ ಅಡಗಿ ನಿಂತು ನಮ್ಮ ಹುಡುಗಿಯ ಹೆಗಲಿಗೆ ಕೈ ಹಾಕಿದವ ಯಾರು?'"

ಅತ್ತೆಯ ಹಪ್ಪಳ

ಇನ್ನು ನಮ್ಮ ಅತ್ತೆ. ಅಜ್ಜಾವರದಲ್ಲಿ ಹುಟ್ಟಿ ಬೆಳೆದವರು, ಈಗ ಪುತ್ತೂರಿನಲ್ಲಿ ನಮ್ಮ ಜೊತೆ. ಬೇಸಿಗೆಯಲ್ಲಿ ಟೆರೇಸಿನ ಮೇಲೆ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುವುದು ಅವರ ಹಬ್ಬ. ನೆಂಟರು, ನೆರೆಯವರು, ನಮ್ಮ ಡಾಕ್ಟರರು, ಎಲ್ಲರಿಗೂ ಒಂದೊಂದು ಕಟ್ಟು ಹೋಗಲೇಬೇಕು. ಹಿಂದಿನ ವರ್ಷ ಅವರ ಕೈ ಮೇಲೆಲ್ಲ ಕೆಂಪು ಗುಳ್ಳೆ ಎದ್ದು ತುರಿಕೆ ಶುರುವಾಯಿತು. ಬಿಸಿಲಿನ ಅಲರ್ಜಿ. ಡಾಕ್ಟರರು ಅದೇ ಮಾತು ಹೇಳಿದರು.

ಸನ್‌ಸ್ಕ್ರೀನ್ ಕೊಟ್ಟೆ. "ಹಪ್ಪಳಕ್ಕೆ ಸೆಂಟಿನ ವಾಸನೆ ಬರುದು" ಎಂದು ಮುಟ್ಟಲಿಲ್ಲ. ಕಡೆಗೆ ಒಂದು ದೊಡ್ಡ ಕಪ್ಪು ಕೊಡೆ ತಂದು, ಅದರ ಅಡಿಯಲ್ಲೇ ಕೂರಬೇಕೆಂದು ಮಾತು ತೆಗೆದುಕೊಂಡೆ. ಮಧ್ಯಾಹ್ನ ಊಟಕ್ಕೆ ಬಂದು ಟೆರೇಸು ಹತ್ತಿದರೆ ಅತ್ತೆ ಸುಡುಬಿಸಿಲಿನಲ್ಲಿ ಕೂತಿದ್ದಾರೆ. ಕೊಡೆ ಚಾಪೆಯ ಆ ತುದಿಯಲ್ಲಿ ಬಿಡಿಸಿಕೊಂಡು ನಿಂತಿದೆ.

"ಅತ್ತೆ, ಕೊಡೆ ನಿಮಗೆ ತಂದದ್ದು!"

"ಕಪ್ಪು ಕಂಡ್ರೆ ಕಾಗೆ ಹತ್ತಿರ ಬರುದಿಲ್ಲ ಮಾರಾಯ್ತಿ. ನಾನು ಎಷ್ಟು ಕೂಗಿದ್ರೂ ಅವಕ್ಕೆ ಹೆದರಿಕೆ ಇಲ್ಲ."

ಆ ಸಲ ಗುಳ್ಳೆ ಒಡೆದು ಕೈಯೆಲ್ಲ ಹುಣ್ಣಾಯಿತು. ಆದ್ದರಿಂದ ಈ ವರ್ಷ ಹಪ್ಪಳವೇ ಬೇಡ ಎಂದು ನಾನೂ ನನ್ನ ಗಂಡನೂ ಹಟ ಹಿಡಿದೆವು. ಅತ್ತೆ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು. ಚಾಪೆಯನ್ನು ಸುತ್ತಿ ಅಟ್ಟಕ್ಕೆ ಹಾಕಿಸಿ, ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕೂತರು. ಹೊರಗೆ ಸಿಮೆಂಟು ಸುಡುವಂಥ ಬಿಸಿಲು. ಅದನ್ನೇ ನೋಡುತ್ತಾ, "ಎಂಥಾ ಒಳ್ಳೆ ಬಿಸಿಲು, ಸುಮ್ಮನೆ ಹಾಳಾಗ್ತಾ ಉಂಟು" ಎನ್ನುತ್ತಿದ್ದರು. ನಾನೇ ರಜೆ ಹಾಕಿ ಒಮ್ಮೆ ಹಪ್ಪಳ ಮಾಡಲು ಹೋದೆ. ಅರ್ಧ ಚಾಪೆಗೆ ಅಂಟಿತು, ಉಳಿದರ್ಧ ಕಾಗೆಗೆ ಹೋಯಿತು. ಅತ್ತೆ ತಮಾಷೆ ಕೂಡ ಮಾಡಲಿಲ್ಲ. ಕೈ ಗುಣವಾಗಲಿ ಎಂದೇ ಬೇಡವೆಂದದ್ದು, ಆದರೆ ಕಿಟಕಿಯ ಆ ಕುರ್ಚಿ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಮೊನ್ನೆ ತೋರಿಸಲು ಕರೆದುಕೊಂಡು ಹೋದೆ. ಡಾಕ್ಟರರು ಅವರ ಕೈ ತಿರುಗಿಸಿ ತಿರುಗಿಸಿ ನೋಡಿ ಖುಷಿಪಟ್ಟರು. ಒಂದು ಕಲೆಯೂ ಇಲ್ಲ. ಆಮೇಲೆ ಸ್ವಲ್ಪ ನಾಚಿಕೊಂಡು, "ಈ ವರ್ಷ ಹಪ್ಪಳ ಬರ್ಲೇ ಇಲ್ಲ ಅಮ್ಮ?" ಎಂದು ಕೇಳಿದರು.

"ಬಿಸಿಲು ಬೇಡ ಅಂತ ಬರೆದದ್ದು ನೀವೇ ಅಲ್ವಾ ಡಾಕ್ಟ್ರೆ?"

"ಬೆಳಿಗ್ಗೆ ಎಂಟು ಗಂಟೆವರೆಗೆ ಹೋಗ್ಬಹುದು ಅಮ್ಮ. ಆ ಬಿಸಿಲು ಎಂತ ಮಾಡುದಿಲ್ಲ."

"ಹೌದು, ಹಪ್ಪಳಕ್ಕೂ ಎಂತ ಮಾಡುದಿಲ್ಲ."

ಡಾಕ್ಟರರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಪೆನ್ನು ತೆಗೆದು ಚೀಟಿ ಎಳೆದುಕೊಂಡರು. ಅತ್ತೆ ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗಾತ ಚಾಚಿ ಇಟ್ಟರು.

"ಕೈ ತುಂಬ ಚೆಂದ ಆಗಿದೆ ಡಾಕ್ಟ್ರೆ, ಸುಳ್ಳು ಹೇಳ್ಬಾರದು. ಈಗ ಇದನ್ನು ಇಟ್ಟುಕೊಂಡು ನಾನು ಎಂತ ಮಾಡುದು, ಅದನ್ನೂ ಒಂದು ಬರೆದು ಕೊಡಿ."