ಮರೆವಿಗೆಂದು ಕುಡಿದ ತಿಮರೆ

ನನಗೆ ಖಿನ್ನತೆ ಇರುವುದು ಜಗತ್ತಿನಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು: ನನಗೆ ಮತ್ತು ಕಂಕನಾಡಿಯ ಡಾಕ್ಟರಿಗೆ. ಆ ಸಂಖ್ಯೆ ಮೂರಾಗಬಾರದೆಂಬುದು ನನ್ನ ದೃಢ ಸಂಕಲ್ಪ. ಮಾತ್ರೆ ಶುರುಮಾಡಿದರೂ ಮನಸ್ಸಿನ ಭಾರ ಇಳಿಯದಾಗ, ಸೊಪ್ಪಿನಿಂದ ಹಾನಿಯಂತೂ ಇಲ್ಲವಲ್ಲ ಎಂದು, ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನಾನು, ದಿನಾ ತಿಮರೆ ರಸ ಕುಡಿಯಲು ತೀರ್ಮಾನಿಸಿದೆ. ತಿಮರೆಯೆಂದರೆ ಒಂದೆಲಗ, ಕುಲಶೇಖರದ ನಮ್ಮ ಬಾವಿಕಟ್ಟೆಯ ಸುತ್ತ ಬೇಕಾದಷ್ಟಿದೆ.

ಯಾಕೆ ಎಂದು ಮಮ್ಮಿ ಕೇಳಿದರು. ಸ್ವಲ್ಪ ಮರೆವು ಎಂದೆ. ತಿಮರೆಗೆ ಇದಕ್ಕಿಂತ ಸಭ್ಯವಾದ ಕಾರಣ ಇನ್ನೊಂದಿಲ್ಲ.

ಮಮ್ಮಿ ಅದನ್ನು ಪಕ್ಕದ ಮನೆಯ ಫೆಲ್ಸಿಬಾಯಿಗೆ ಹೇಳಿದರು. ಫೆಲ್ಸಿಬಾಯಿಯ ಕಿವಿಗೆ ಬಿದ್ದ ಮಾತಿಗೆ ಬೇರೆ ಪ್ರಚಾರ ಬೇಕಿಲ್ಲ. ಭಾನುವಾರ ಪಾದ್ರಿಗಳ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ, ಹುಟ್ಟಿದಾಗಿನಿಂದ ನನ್ನನ್ನು ಬಲ್ಲವರೆಲ್ಲ ತಮ್ಮ ತಮ್ಮ ಹೆಸರು ಹೇಳಿಕೊಂಡೇ ಮಾತಾಡಿಸಿದರು. ನಮ್ಮ ವಾರ್ಡಿನ ಮನೆಯವರೆಲ್ಲ ಸೇರುವ ಪ್ರಾರ್ಥನೆಯಲ್ಲಿ ನನ್ನ ನೆನಪಿನ ಶಕ್ತಿಗಾಗಿ ವಿಶೇಷ ಬಿನ್ನಹ ನಡೆಯಿತು. ನಾನೂ ತಲೆ ತಗ್ಗಿಸಿ ಆಮೆನ್ ಎಂದೆ.

ಆಮೇಲೆ ಫೆಲ್ಸಿಬಾಯಿ, ಜರ್ಮನಿಯಲ್ಲಿ ನರ್ಸ್ ಆಗಿರುವ ಮಗಳು ರಜೆಗೆ ಬಂದಾಗ ತಂದಿಟ್ಟ ಬಾಟಲಿಯೊಂದನ್ನು ಕೊಟ್ಟರು. ಮೇಲೆ ಹಳದಿ ಹೂವಿನ ಚಿತ್ರ.

"ತಲೆಗೆ ಒಳ್ಳೇದಂತೆ ಬಾಯೆ. ಬರೀ ಗಿಡದ್ದು."

ಲ್ಯಾಟಿನ್ ಹೆಸರು ಓದಿದರೆ ನಮ್ಮ ಸೇಂಟ್ ಜಾನ್ಸ್ ವರ್ಟ್. ಖಿನ್ನತೆಗೆಂದೇ ಬಳಸುವ ಗಿಡ! ಹೆಸರಿನಲ್ಲಿ ಸಂತರೇ ಇರುವಾಗ ಸಂಶಯ ಯಾಕೆಂದು ಡಾಕ್ಟರ ಮಾತ್ರೆಯ ಜೊತೆಗೇ ನುಂಗತೊಡಗಿದೆ.

ಕೆಲವೇ ದಿನಗಳಲ್ಲಿ ಕೈ ನಡುಗಿತು, ಬೆವರು ಧಾರೆಯಾಗಿ ಇಳಿಯಿತು, ಎದೆ ಡವಡವ ಹೊಡೆದುಕೊಂಡಿತು. ಗಾಬರಿಯಾದ ಮಮ್ಮಿ ರಿಕ್ಷಾ ಹತ್ತಿಸಿದರು. ಯಾವ ಡಾಕ್ಟರಲ್ಲಿಗೆ ಎಂದು ನಾನೇ ಹೇಳಬೇಕಾಯಿತು.

"ಮಾತ್ರೆ ಬಿಟ್ಟು ಬೇರೆ ಎಂತ ತಗೊಳ್ತಿದ್ದೀರಿ?" ಡಾಕ್ಟರು ಕೇಳಿದರು.

"ಯಾವ ಮಾತ್ರೆ?" ಮಮ್ಮಿ ಕೇಳಿದರು.

ಸಂಖ್ಯೆ ಮೂರಾಯಿತು.

ನಾನು ಬ್ಯಾಗಿನಿಂದ ತೆಗೆದುಕೊಟ್ಟ ಬಾಟಲಿ ನೋಡಿ ಡಾಕ್ಟರು ಗಂಭೀರರಾದರು. ಆ ಗಿಡದಿಂದ ಸೌಮ್ಯ ಖಿನ್ನತೆಯ ಕೆಲವರಿಗೆ ಉಪಯೋಗ ಉಂಟು, ಆದರೆ ಈ ಮಾತ್ರೆಯೊಟ್ಟಿಗೆ ಸೇರಿದರೆ ಜೀವಕ್ಕೇ ಅಪಾಯ ಎಂದರು. ಸಂಜೆಯವರೆಗೆ ಮಲಗಿಸಿ ನೋಡಿಕೊಂಡರು. ತಿಮರೆ ಚಟ್ನಿ ತಿನ್ನಲು ಅಡ್ಡಿಯಿಲ್ಲ, ಔಷಧಿಯೆಂದು ಏನೇ ತೆಗೆದುಕೊಂಡರೂ ಮೊದಲು ತನಗೆ ಹೇಳಬೇಕು ಎಂದು ಕಳಿಸಿದರು.

ರಿಕ್ಷಾದಲ್ಲಿ ಮಮ್ಮಿ ನನ್ನ ಕೈ ಹಿಡಿದು, ಡ್ರೈವರನಿಗೆ ಕೇಳದಷ್ಟು ಮೆಲ್ಲಗೆ ಹೇಳಿದರು:

"ಪಪ್ಪ ಮಸ್ಕತ್ತಿಗೆ ಹೋದ ವರ್ಷ ನಾನೂ ಇಂಥದೇ ಮಾತ್ರೆ ತಿಂದಿದ್ದೆ. ಎಲ್ಲರಿಗೂ ಬಿಪಿ ಮಾತ್ರೆ ಅಂತ ಹೇಳಿದ್ದು. ಬಿಪಿ ಅಂದ್ರೆ ಯಾರೂ ಮುಂದೆ ಕೇಳುದಿಲ್ಲ."

ಆ ವರ್ಷವಿಡೀ ನಮ್ಮ ಮೀನುಸಾರಿಗೆ ಉಪ್ಪು ಯಾಕೆ ಇರಲಿಲ್ಲವೆಂದು ಆಗ ತಿಳಿಯಿತು. ಮಮ್ಮಿ ಸಪ್ಪೆ ಉಂಡು ತಮ್ಮ ಗುಟ್ಟು ಕಾಪಾಡಿಕೊಂಡಿದ್ದರು. ಎಂ.ಎಸ್ಸಿ. ಮಾಡಿದ ನನಗೋ, ಸುಳ್ಳು ಹೇಳಲು ಒಂದು ನೆಟ್ಟಗಿನ ಕಾಯಿಲೆಯನ್ನು ಆರಿಸಿಕೊಳ್ಳಲೂ ಬರಲಿಲ್ಲ!