ಬಿಸಿಲಿಗೆಂದೇ ಕಟ್ಟಿದ ಮನೆ

ಔಲಿಸ್ ತೀರಿಕೊಂಡ. ಆಗಸ್ಟ್ ಒಂಬತ್ತರಂದು, ಮಧ್ಯಾಹ್ನ ಊಟವಾದ ಮೇಲೆ. ವಯಸ್ಸು ಎಪ್ಪತ್ತೊಂದು.

ಫಿನ್ಲೆಂಡಿನ ಕಾಯಾನಿಯಲ್ಲಿದ್ದ ಅವನ ತಂಗಿಗೆ ಸ್ಪೇನಿನಿಂದ ಫೋನು ಮಾಡಿ ಸುದ್ದಿ ತಿಳಿಸಿದವನು ಗೆಳೆಯ ತೌನೋ. "ಬಿಸಿಲು ಬಡೀತಾ?" ಎಂದು ಆಕೆ ಕೇಳಿದಳು. "ಇಲ್ಲ, ನೆರಳಲ್ಲೇ ಹೋದ" ಎಂದ ತೌನೋ. ಆಕೆ ನಂಬಲಿಲ್ಲ. ಔಲಿಸನನ್ನು ಬಲ್ಲವರು ಯಾರೂ ನಂಬುವ ಮಾತಲ್ಲ ಅದು.

ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ಕಲಿತವರು, ಒಂದೇ ಕಾಗದದ ಕಾರ್ಖಾನೆಯಲ್ಲಿ ನಲವತ್ತು ವರ್ಷ ದುಡಿದವರು. ಕಾಯಾನಿಯಲ್ಲಿ ಡಿಸೆಂಬರ್ ಬಂತೆಂದರೆ ಸೂರ್ಯ ಬೆಳಿಗ್ಗೆ ಹತ್ತಕ್ಕೆ ಮುಖ ತೋರಿಸಿ ಎರಡಕ್ಕೆಲ್ಲ ಪರಾರಿ. ಊರಿಗೆಲ್ಲ ಇದು ಹವಾಮಾನವಾದರೆ ಔಲಿಸನಿಗೆ ಮಾತ್ರ ತನಗಾದ ಸ್ವಂತ ಅನ್ಯಾಯ. ನಿವೃತ್ತನಾದ ದಿನ, ದಕ್ಷಿಣ ಸ್ಪೇನಿನ ಒಂದು ಬೆಟ್ಟದ ಹಳ್ಳಿಯಲ್ಲಿ ಮನೆ ಕಟ್ಟಲು ಜಾಗ ತೆಗೆದುಕೊಂಡಿರುವುದಾಗಿ ಘೋಷಿಸಿದ. (ಹೆಂಡತಿ ಹೆಲ್ವಿಗೂ ವಿಷಯ ಗೊತ್ತಾದದ್ದು ಅದೇ ಘೋಷಣೆಯಲ್ಲಿ.)

ಹೆಲ್ವಿ ಕೂಗಾಡಲಿಲ್ಲ. ಕಾಫಿ ಬಗ್ಗಿಸಿಕೊಂಡು ಎರಡು ಷರತ್ತು ಹೇಳಿದಳು. "ಒಂದು, ಸೌನಾ ಇರಬೇಕು. ಎರಡು, ಮೊದಲನೇ ಬೇಸಗೇಲಿ ನನಗೆ ನೆಟ್ಟಗೆ ನಿದ್ದೆ ಬರಲಿಲ್ಲ ಅಂದ್ರೆ ಮನೆ ಮಾರಿ ವಾಪಸ್ ಬರೋದು. ಆಮೇಲೆ ಗೊಣಗೋ ಹಾಗಿಲ್ಲ."

ಸೌನಾ ಎಂದರೆ ಒಲೆಯ ಮೇಲೆ ಕಲ್ಲು ಕಾಯಿಸಿ, ಅದಕ್ಕೆ ನೀರೆರಚಿ, ಆ ಹಬೆಯಲ್ಲಿ ಬೆವರುವ ಮರದ ಕೋಣೆ. ಅದಿಲ್ಲದ ಮನೆಯನ್ನು ಅವರ ಕಡೆ ಗೋದಾಮು ಎನ್ನುತ್ತಾರೆ.

"ಅಲ್ಲಿ ಊರಿಗೆ ಊರೇ ಸೌನಾ ಮಾರಾಯ್ತಿ. ಸೂರ್ಯ ಪುಕ್ಕಟೆ ಬೆವರಿಳಿಸ್ತಾನೆ" ಎಂದ ಔಲಿಸ್.

"ಬೆವರೋಕೆ ಕೂರೋದೇ ಬೇರೆ, ಕೂತಲ್ಲೇ ಬೆವರೋದೇ ಬೇರೆ" ಎಂದಳು ಹೆಲ್ವಿ.

ಒಂದಿಡೀ ಚಳಿಗಾಲ ಅಡುಗೆಮನೆಯ ಮೇಜಿನ ಮೇಲೆ ಚೌಕಳಿ ಕಾಗದ ಹರಡಿಕೊಂಡು ಔಲಿಸ್ ನಕ್ಷೆ ಬರೆದ. ದಕ್ಷಿಣಕ್ಕೆ ಹನ್ನೊಂದು ಕಿಟಕಿ, ಎಲ್ಲವೂ ನೆಲದಿಂದ ಸೂರಿನವರೆಗೆ. ಪರದೆ ಒಂದೂ ಇಲ್ಲ. "ಅಷ್ಟು ದೂರದಿಂದ ಬಂದ ನೆಂಟನ ಮುಖಕ್ಕೆ ಬಾಗಿಲು ಹಾಕ್ತಾರಾ?" ಎನ್ನುತ್ತಿದ್ದ. ಸೌನಾಗೆ ಉಳಿದದ್ದು ಉತ್ತರದ ಮೂಲೆ. ಮೂರು ಕಡೆ ಬೆಟ್ಟದ ಮಣ್ಣು, ಕಿಟಕಿಯಿಲ್ಲ. 'ಹೆಲ್ವಿಯ ಬಿಲ' ಎಂದು ಅದಕ್ಕೆ ಅವನೇ ನಾಮಕರಣ ಮಾಡಿದ.

ನಕ್ಷೆ ಹೇಗಿದೆ ಎಂದು ತೌನೋನನ್ನು ಕೇಳಿದ. ತೌನೋಗೆ ಅನುಮಾನವಿತ್ತು. ಆದರೆ ಅರವತ್ತು ಚಳಿಗಾಲ ಕತ್ತಲು ನುಂಗಿದ ಆ ಮುಖ ನೋಡಿ "ಭೇಷಾಗಿದೆ" ಎಂದುಬಿಟ್ಟ. (ತಾನು ಮಾತ್ರ ಅದೇ ಹಳ್ಳಿಯಲ್ಲಿ ದಪ್ಪ ಗೋಡೆಯ ಹಳೇ ಮನೆಯೊಂದನ್ನು ಬಾಡಿಗೆಗೆ ಹಿಡಿದ.)

ಮನೆ ಕಟ್ಟಲು ಒಪ್ಪಿಕೊಂಡವನು ಹಳ್ಳಿಯ ಮೇಸ್ತ್ರಿ ಎವಾರಿಸ್ತೋ. ನಕ್ಷೆಯನ್ನು ನೇರ ಹಿಡಿದು ನೋಡಿ ಮುಖ ಸಿಂಡರಿಸಿದ. ತಲೆಕೆಳಗು ಮಾಡಿ ನೋಡಿದ, ಕಿಟಕಿಗಳೆಲ್ಲ ಉತ್ತರಕ್ಕೆ ಬಂದವು, ಜೀವ ಬಂದಂತಾಯಿತು. "ಹಿಂಗಾದ್ರೆ ಸರಿಯಾಗೈತೆ, ದೋನ್ ಔಲಿಸ್."

ಔಲಿಸ್ ಅದನ್ನು ತಿರುಗಿಸಿಟ್ಟ. ಎವಾರಿಸ್ತೋ ಮತ್ತೆ ಉಲ್ಟಾ ಮಾಡಿದ. ನಾಲ್ಕು ಸಲ ಹೀಗೆ ನಡೆದ ಮೇಲೆ ಮೇಸ್ತ್ರಿ ಟೋಪಿ ತೆಗೆದು ವಿವರವಾಗಿ ಏನೋ ಹೇಳಿದ. ರಾತ್ರಿಶಾಲೆಯಲ್ಲಿ ಎರಡು ವರ್ಷ ಸ್ಪ್ಯಾನಿಷ್ ಕಲಿತಿದ್ದ ಹೆಲ್ವಿಯೇ ದುಭಾಷಿ.

"ಏನಂತಾನೆ?"

"ಕತ್ತೆ ಅಂತಾನೆ."

"ಪೂರ್ತಿ ಹೇಳು."

"ಇಲ್ಲಿ ಕಿಟಕಿ ಅಂದ್ರೆ ಕತ್ತೆ ತಲೆ ತೂರಿಸೋವಷ್ಟು ಸಾಕಂತೆ. ನೀನು ಕತ್ತೇನೇ ಒಳಗೆ ಕರೀತಿದೀಯಂತೆ."

ಮನೆ ನಕ್ಷೆಯಂತೆಯೇ ಎದ್ದಿತು. ಗೃಹಪ್ರವೇಶ ಫೆಬ್ರವರಿಯಲ್ಲಿ. ಹಳ್ಳಿಯವರೆಲ್ಲ ಕೋಟು ಹಾಕಿಕೊಂಡು ಬಂದರೆ ಔಲಿಸ್ ಚಡ್ಡಿಯಲ್ಲಿ, ಹನ್ನೊಂದು ಕಿಟಕಿಗಳ ನಡುವೆ, ಸಿಂಹಾಸನಾಧೀಶ್ವರನಂತೆ ಕೂತಿದ್ದ. ತೌನೋ ಅವನನ್ನು ಅಷ್ಟು ಸಂತೋಷವಾಗಿ ಕಂಡದ್ದೇ ಇಲ್ಲ.

ಆಮೇಲೆ ಜೂನ್ ಬಂತು. ಮೇಜಿನ ಮೇಲಿನ ಮೇಣದಬತ್ತಿ ನಡು ಬಗ್ಗಿಸಿ ನಮಸ್ಕರಿಸಿತು. ಬೆಣ್ಣೆಯನ್ನು ರೊಟ್ಟಿಯ ಮೇಲೆ ಹೊಯ್ದುಕೊಳ್ಳಬೇಕಾಯಿತು. ಬೆಕ್ಕು ತನ್ನ ಬಿಡಾರವನ್ನು ತೌನೋನ ಮನೆಗೆ ಎತ್ತಿತು. ಜುಲೈ ಎರಡನೇ ವಾರ, ಹತ್ತು ದಿನದಿಂದ ನಿದ್ದೆಯಿಲ್ಲದ ಹೆಲ್ವಿ ಒಂದು ಹಲಗೆ ತಂದು 'ಮನೆ ಮಾರಾಟಕ್ಕಿದೆ' ಎಂದು ದುಂಡಗೆ ಬರೆದು ಒಣಗಲಿಟ್ಟಳು. ಒಣಗಲು ಎರಡು ನಿಮಿಷವೂ ಬೇಕಾಗಲಿಲ್ಲ.

ಔಲಿಸ್ ಮಾತಿಗೆ ತಪ್ಪುವವನಲ್ಲ. ಕಿಟಕಿಯ ಮುಂದೆ ನಿಂತು ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿದ, ತಕ್ಷಣ ಹಿಂದೆಗೆದ. ತೌನೋಗೆ ಅವನತ್ತ ನೋಡಲಾಗಲಿಲ್ಲ. ಆ ಒಂದು 'ಭೇಷಾಗಿದೆ' ಈಗ ಮೀನಿನ ಮುಳ್ಳಿನಂತೆ ಚುಚ್ಚುತ್ತಿತ್ತು.

ಅದೇ ಮಧ್ಯಾಹ್ನ ಹಲಗೆ ನೆಡಬೇಕೆಂದರೆ ಹೆಲ್ವಿಯೇ ಇಲ್ಲ. ಹುಡುಕಿದರು. ಕೊನೆಗೆ ಗೊರಕೆಯ ಜಾಡು ಹಿಡಿದು ಹೋದರೆ, ಸೌನಾದಲ್ಲಿ, ಕೂರುವ ಎರಡು ಹಲಗೆಗಳಲ್ಲಿ ಕೆಳಗಿನದರ ಮೇಲೆ ಕಾಲು ಚಾಚಿ ಮಲಗಿದ್ದಾಳೆ. ಒಲೆ ಹಚ್ಚಿರಲಿಲ್ಲ. ಮನೆಗೆಲ್ಲ ಬೆಂಕಿ ಬಿದ್ದಂತಿದ್ದಾಗ, ಗೋಡೆಯ ಥರ್ಮಾಮೀಟರ್ ಇಪ್ಪತ್ತನಾಲ್ಕು ಡಿಗ್ರಿ ತೋರಿಸುತ್ತಿತ್ತು. ಎಬ್ಬಿಸಲು ಹೋದ ತೌನೋ ಒಂದು ನಿಮಿಷ ಕೂತ, ಮರುನಿಮಿಷಕ್ಕೆ ಅವನಿಗೂ ಜೊಂಪು. ಹೆಂಚಿನ ವಿಚಾರ ಕೇಳಲು ಬಂದ ಎವಾರಿಸ್ತೋ, ಹೆಂಚನ್ನು ಮರೆತು ಮೂಲೆ ಹಿಡಿದ. ವಾರದೊಳಗೆ ಅವನ ತಾಯಿ ಹೆಣಿಗೆಯ ಸಮೇತ ಹಾಜರು. ಮಾರಾಟದ ಹಲಗೆಯನ್ನು ಹೆಲ್ವಿ ಹಿಂದುಮುಂದು ಮಾಡಿ, 'ಚಪ್ಪಲಿ ಹೊರಗೆ ಬಿಡಿ' ಎಂದು ಬರೆದು ಸೌನಾ ಬಾಗಿಲಿಗೆ ತೂಗುಹಾಕಿದಳು.

ಮನೆ ಉಳಿಯಿತು. ಉಳಿಸಿದ್ದು ಬಿಲ. ಇದನ್ನು ಔಲಿಸ್ ಒಪ್ಪುವುದುಂಟೇ? ಚಳಿಗಾಲದ ಸಂಜೆ ಸೌನಾ ಕಾಯಿಸಿದರೆ ಮೊದಲು ಬಂದು ಮೇಲಿನ ಹಲಗೆ ಹಿಡಿಯುತ್ತಿದ್ದವನು, ಬೇಸಗೆಯಲ್ಲಿ ಅತ್ತ ತಲೆ ಹಾಕುತ್ತಿರಲಿಲ್ಲ. ಸತತ ನಾಲ್ಕು ಬೇಸಗೆ ಹುಲ್ಲಿನ ಟೋಪಿ, ಕಪ್ಪು ಕನ್ನಡಕ ಧರಿಸಿ ಹಜಾರದಲ್ಲಿ ಒಬ್ಬನೇ ಬಿಸಿಲಿಗೆ ಕಾವಲು ಕೂತ.

"ಬಾರೋ, ಬೆಂದು ಹೋಗ್ತೀಯ" ಎಂದು ತೌನೋ ಕರೆದರೆ, "ನಾನು ಆರಾಮಾಗಿದೀನಿ" ಎಂಬ ಉತ್ತರ ಹಬೆಯಂತೆ ಬರುತ್ತಿತ್ತು.

ಈ ಆಗಸ್ಟ್ ಒಂಬತ್ತರಂದು ಊಟ ಮುಗಿಸಿ ಎಲ್ಲರೂ ಬಿಲ ಸೇರಿದ್ದರು. ಔಲಿಸ್ ಎಣ್ಣೆಡಬ್ಬಿ ಹಿಡಿದು ಬಾಗಿಲಲ್ಲಿ ಕಾಣಿಸಿಕೊಂಡ.

"ಬಾಗಿಲ ಕೀಲು ಕಿರುಗುಟ್ತಿದೆ ಅಂತ ಬಂದೆ."

"ಅದು ಯಾವತ್ತೂ ಕಿರುಗುಟ್ಟಿಲ್ಲ" ಎಂದಳು ಹೆಲ್ವಿ.

ಅವನು ಎರಡು ಹನಿ ಎಣ್ಣೆ ಬಿಟ್ಟ. ಬಾಗಿಲನ್ನು ಆಚೀಚೆ ಆಡಿಸಿದ. "ಎಣ್ಣೆ ಇಳಿಯೋಕೆ ಒಂದಷ್ಟು ಹೊತ್ತು ಬೇಕು" ಎಂದು ಮೇಸ್ತ್ರಿಯ ಪಕ್ಕದಲ್ಲಿ ಕೂತ. ಎವಾರಿಸ್ತೋ ತುಟಿ ಕಚ್ಚಿಕೊಂಡು ನೆಲ ನೋಡಿದ. ಅವನ ತಾಯಿ ಹೆಣಿಗೆ ನಿಲ್ಲಿಸಲಿಲ್ಲ. ಯಾರೂ ನಗಲಿಲ್ಲ.

"ಹೇಗಿದೆಯೋ?" ಎಂದ ತೌನೋ.

"ಕತ್ತಲು" ಎಂದ ಔಲಿಸ್. ಟೋಪಿ ತೆಗೆದು ಮಂಡಿಯ ಮೇಲಿಟ್ಟುಕೊಂಡ. ಗೋಡೆಗೆ ಒರಗಿ, "ಪರವಾಗಿಲ್ಲ ಅನ್ನಬಹುದಾದ ಕತ್ತಲು" ಎಂದ.

ಆಮೇಲೆ, ಸೌನಾದಲ್ಲಿ ಕೂತವನ ಕೈ ಸುಮ್ಮನಿರಬಾರದಲ್ಲ, ಬಕೆಟ್ಟಿನಿಂದ ಒಂದು ಸೌಟು ನೀರು ತೆಗೆದು ತಣ್ಣಗಿದ್ದ ಕಲ್ಲುಗಳ ಮೇಲೆ ಹೊಯ್ದ, ಹೊಯ್ದು, ಚುಂಯ್ ಎನ್ನುವುದನ್ನು ಕೇಳಲು ತಲೆ ಬಗ್ಗಿಸಿ ಕಾದ.