ಬರ್ಫದ ಮೇಲೆ ಬಂದ ಭೀಮ

ದೇವರನ್ನು ಕದ್ದವರ ಸುದ್ದಿ ನೀವು ಕೇಳಿರಬಹುದು. ಕದ್ದ ದೇವರಿಗೆ ಸೀಗೆಪುಡಿ ಹಚ್ಚಿ ತಿಕ್ಕಿ ತೊಳೆದವರನ್ನು ಕಂಡಿದ್ದೀರಾ? ನಮ್ಮ ಮನೆಯಲ್ಲೇ ಇದ್ದರು! ಅತ್ತೆಯವರ ತಮ್ಮ, ನಾವು ಮಾವ ಎನ್ನುತ್ತಿದ್ದವರು. ರಜಾಕಾರರ ಹಾವಳಿಯಲ್ಲಿ ನಿಜಾಮನ ಸೀಮೆಯ ಮನೆಮಾರು ಬಿಟ್ಟು, ಒಂದು ಕೈಚೀಲ ಹಿಡಿದು ಮುಂಡರಗಿಯ ನಮ್ಮ ಮನೆಗೆ ಬಂದವರು. ವರ್ಷಗಳುರುಳಿದರೂ ಆ ಚೀಲ ಗೂಟಕ್ಕೇರಲಿಲ್ಲ, ಬಾಗಿಲ ಬಳಿಯೇ ಕಾದಿರುತ್ತಿತ್ತು. "ನಾಳಿ ನಮ್ಮೂರಿಗೆ ಹೊಕ್ಕೀನಿ" ಎನ್ನುವುದು, ಕಪ್ಪತಗುಡ್ಡ ಸುತ್ತಿ ಚೀಲದ ತುಂಬ ಕಲ್ಲು ತರುವುದು!

ಒಮ್ಮೆ ಗಡಿಯ ನಾಕಾದಲ್ಲಿ ಪೊಲೀಸಪ್ಪ ತಡೆದ.

"ಏನ್ರಿ ಇದು?"

"ಕಲ್ಲು."

"ಯಾರ ಮ್ಯಾಲ ಒಗ್ಯಾಕ?"

"ಒಗದದ್ದು ಆಗೇತಿ. ಬರ್ಫ ಬಂದು ಒಗದು ಹೋಗೇತಿ!"

ಬಿಸಿಲು ತಲೆಗೇರಿದೆಯೆಂದು ಅವನು ನೀರು ಕುಡಿಸಿ ಕಳಿಸಿದ. ಶಿವನ ದಯೆ, ಕಲ್ಲಿಗೆ ಸುಂಕ ಕೇಳಲಿಲ್ಲ!

ಮಾವನ ಸಿದ್ಧಾಂತ ಇಷ್ಟೇ: ಯುಗಗಳ ಹಿಂದೆ ಈ ಬಿಸಿಲ ಸೀಮೆಯ ಮೇಲೆ ಮಂಜುಗಡ್ಡೆ, ಅವರ ಬಾಯಲ್ಲಿ ಬರ್ಫ, ತೆವಳಿತ್ತಂತೆ. ಹೊಳೆಯಾದರೆ ದಪ್ಪ ಕಲ್ಲು, ಸಣ್ಣ ಕಲ್ಲು, ಮಣ್ಣು ಎಂದು ಹಸನು ಮಾಡಿ ಇಡುತ್ತದೆ. ಬರ್ಫಕ್ಕೆಲ್ಲಿಯ ಶಿಸ್ತು? ಎಲ್ಲ ಕಲಸಿ ಒಂದೇ ಕಡೆ ಸುರಿದು ಕರಗುತ್ತದೆ. ಬಂಡೆಯ ಮೇಲಿನ ಗೀರು ಅದು ಹೋದ ದಾರಿ ಹೇಳುತ್ತದೆ. ತಂದ ಕಲ್ಲಿನ ಜಾತಿ ಅದರ ತವರು ಹೇಳುತ್ತದೆ. ನಾನು ಬೆವರೊರೆಸಿಕೊಳ್ಳುತ್ತ ಹ್ಞೂಂ ಎನ್ನುತ್ತಿದ್ದೆ!

ಸೀಗಿ ಹುಣ್ಣಿಮೆಗೆ ಹೊಲದ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸುವುದು ನಮ್ಮ ಪದ್ಧತಿ. ನಿಜಾಮನ ಸೀಮೆಯೂ ನಮ್ಮದೂ ಒಂದೇ ರಾಜ್ಯವಾಗುವ ಏಕೀಕರಣದ ಮಾತು ಎಲ್ಲರ ಬಾಯಲ್ಲಿದ್ದ ಆ ವರ್ಷ, ಕಡುಬಿನ ಬುಟ್ಟಿ ಇಳಿಸಿ ನೋಡಿದರೆ ಪಾಂಡವರು ನಾಲ್ವರೇ! ಭೀಮ ನಾಪತ್ತೆ!

ಅತ್ತೆಯವರು ಅತ್ತಿತ್ತ ನೋಡಲೇ ಇಲ್ಲ. "ಲೇ ತಮ್ಮಾ, ಚೀಲ ಬಿಚ್ಚು."

ಭೀಮ ಹೊರಬಂದ. ಸುಣ್ಣವಿಲ್ಲ, ಕುಂಕುಮವಿಲ್ಲ, ಮೈತುಂಬ ಗೀರು!

"ಅಕ್ಕಾ, ಇದು ಈ ಕಡೀ ಕಲ್ಲಲ್ಲ. ಬರ್ಫ ಎಳಕೊಂಡು ಬಂದೈತಿ. ಗೀರು ನೋಡು!"

"ಅದು ಹೊಲಾ ಉಳೂವಾಗ ನಮ್ಮ ರಂಟಿ ಹೊಡದ ಗೀರಲೇ!"

ಎಲ್ಲರೂ ನಕ್ಕೆವು. ಮಾವ ನಗಲಿಲ್ಲ.

"ಇದ್ದೀತು. ಆದ್ರ ಜಾತಿ ಬ್ಯಾರೆ ಐತಿ. ಇದರ ಊರು ಹುಡುಕಿ ಅಲ್ಲೇ ಇಟ್ಟು ಬರ್ತೀನಿ. ಮಂದಿ ಹೊಲದಾಗ ಎಷ್ಟು ದಿವಸ ಕುಂಡ್ರಬೇಕು ಅದು? ಗಡಿ ಹೋಗಾಕತ್ತೈತಿ. ನಾನೂ ಹೊಕ್ಕೀನಿ."

ನಮ್ಮ ನಗು ನಿಂತಿತು.

ಅತ್ತೆಯವರು ಕಲ್ಲನ್ನು ಅದರ ಜಾಗದಲ್ಲಿಟ್ಟು ಸುಣ್ಣ ಬಳಿದು ಕುಂಕುಮ ಹಚ್ಚಿದರು. "ಎಲ್ಲಿಂದರ ಬಂದಿರಲಿ. ಇವನ್ನ ಬಿಟ್ಟು ನಾಕ ಮಂದಿಗೆ ಎಡಿ ಹಿಡೀಲೇನು ನಾ? ಕುಂಡ್ರು, ಉಣ್ಣು."

ಮಾವ ಕುಳಿತರು. ಕಡುಬು ಬಹಳ ಹೊತ್ತು ಕೈಯಲ್ಲೇ ಇತ್ತು.

ಸಂಜೆ ಮನೆಗೆ ಬಂದು ದೇವರಿಗೆ ದೀಪ ಹಚ್ಚಿ ಹೊರಬಂದರೆ ಬಾಗಿಲ ಬಳಿ ಚೀಲವಿಲ್ಲ! ತಲೆಯೆತ್ತಿ ನೋಡಿದೆ: ಗೂಟಕ್ಕೆ ತೂಗುತ್ತಿತ್ತು, ಖಾಲಿಯಾಗಿ.